ಸ್ಪ್ಯಾನಿಷ್ ಕಲಿಯಲು ಇಂಗ್ಲಿಷನ್ನು ಹೊರಗೆ ನಿಲ್ಲಿಸಿದ ಕಥೆ

ಪರದೆಯಾಚೆ ಕೂತಿದ್ದ ಟೀಚರ್ ನನ್ನ ವಯಸ್ಸು ಕೇಳಿದರು. "ಕ್ವಾಂತೊಸ್ ಆಞೊಸ್ ತ್ಯೆನೆಸ್?" ಪ್ರಶ್ನೆ ಪೂರ್ತಿ ಅರ್ಥವಾಯಿತು. ಆ ಖುಷಿಯಲ್ಲೇ "ಸೋಯ್ ತ್ರೇಂತ ಇ ಸೇಯ್ಸ್" ಅಂದುಬಿಟ್ಟೆ. ನನಗೆ ಮೂವತ್ತಾರು ವರ್ಷ ಎಂದು ಹೇಳಲು ಹೊರಟಿದ್ದೆ. ಹೇಳಿದ್ದು ಮಾತ್ರ, ನಾನೇ ಮೂವತ್ತಾರು ಎಂಬ ಸಂಖ್ಯೆ ಅಂತ. ಅವರು ನಕ್ಕರು, ಕೆಟ್ಟದಾಗಿ ಏನಲ್ಲ. ಅಷ್ಟರಲ್ಲಿ ನಾನು ಒಂದು ಆಪ್‌ನಲ್ಲಿ 142 ದಿನ ತಪ್ಪದೆ ಪಾಠ ಮುಗಿಸಿದ್ದೆ. ಬೆಂಕಿಯ ಚಿತ್ರ, ಪದಕ, ಚಪ್ಪಾಳೆ ಎಲ್ಲವೂ ಸಿಕ್ಕಿತ್ತು. ನನ್ನ ವಯಸ್ಸು ಹೇಳಲು ಮಾತ್ರ ಬರುತ್ತಿರಲಿಲ್ಲ.

ಆ ರಾತ್ರಿ ತಪ್ಪಿನ ಬೇರು ಹುಡುಕುತ್ತಾ ಕೂತೆ. ಸಿಕ್ಕ ಉತ್ತರ ನಾಚಿಕೆ ತರುವಷ್ಟು ಸರಳವಾಗಿತ್ತು. ನಾನು ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ, ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಹಾರುತ್ತಿದ್ದೆ. ಇಂಗ್ಲಿಷಿನವರು "ಐ ಆ್ಯಮ್" ಎಂದು ವಯಸ್ಸು ಹೇಳುತ್ತಾರೆ, ಹಾಗಾಗಿ ನನ್ನ ಬಾಯಲ್ಲಿ "ಸೋಯ್" ಬಂತು. ಸ್ಪ್ಯಾನಿಷ್ ಹೇಳುವುದು "ತೆಂಗೊ ತ್ರೇಂತ ಇ ಸೇಯ್ಸ್ ಆಞೊಸ್" ಎಂದು. ನನ್ನ ಬಳಿ ಮೂವತ್ತಾರು ವರ್ಷಗಳಿವೆ. ನಮ್ಮ "ನನಗೆ ಮೂವತ್ತಾರು ವರ್ಷ"ಕ್ಕೆ ಅದೆಷ್ಟು ಹತ್ತಿರ! ನೇರ ಹೋಗಿದ್ದರೆ ನಾಲ್ಕು ಹೆಜ್ಜೆ. ನಾನು ಊರೆಲ್ಲ ಸುತ್ತಿ ಹಳ್ಳಕ್ಕೆ ಬಿದ್ದಿದ್ದೆ.

ಆನ್‌ಲೈನ್‌ನಲ್ಲಿ ಸಿಗುವ ಸ್ಪ್ಯಾನಿಷ್ ಪಾಠಗಳಲ್ಲಿ ಬಹುಪಾಲು ಇಂಗ್ಲಿಷ್ ಮಾತಾಡುವವರಿಗಾಗಿ ಮಾಡಿದವು. ಅವರಿಗೆ ಕಷ್ಟವಾಗುವುದನ್ನು ಅವು ವಾರಗಟ್ಟಲೆ ವಿವರಿಸುತ್ತವೆ, ಅವರಿಗೆ ಸುಲಭವಾದುದನ್ನು ಒಂದೇ ಸಾಲಿನಲ್ಲಿ ದಾಟಿಸುತ್ತವೆ. ಅವರ ಕಷ್ಟಗಳೆಲ್ಲ ನಮ್ಮವಲ್ಲ. ಕನ್ನಡಿಗರೊಬ್ಬರು ಸ್ಪ್ಯಾನಿಷ್ ಶುರುಮಾಡುತ್ತೇನೆ ಎಂದಾಗ ನಾನು ಮೊದಲು ಕೊಡುವ ಸಲಹೆ ಯಾವ ಆಪ್, ಯಾವ ಕೋರ್ಸ್ ಎಂಬುದಲ್ಲ. ಪಾಠ ಇಂಗ್ಲಿಷಿನಲ್ಲೇ ಇರಲಿ, ಆದರೆ ಟಿಪ್ಪಣಿ ಕನ್ನಡದಲ್ಲಿ ಬರೆದುಕೊಳ್ಳಿ. ಪ್ರತಿ ಹೊಸ ವಾಕ್ಯ ಸಿಕ್ಕಾಗ "ಇದನ್ನು ನಾನು ಹೇಗೆ ಹೇಳುತ್ತೇನೆ?" ಎಂದು ಕೇಳಿಕೊಳ್ಳಿ. ಪುಸ್ತಕದ ಕನ್ನಡದಲ್ಲಿ ಬೇಡ, ಬಾಯಲ್ಲಿ ಬರುವ ಕನ್ನಡದಲ್ಲಿ.

ಮೊದಲು "ನನಗೆ" ಎಂಬ ಪದವನ್ನೇ ನೋಡೋಣ. ಇಂಗ್ಲಿಷ್ ಮೂಲದ ಪಾಠಗಳು "ಮೆ ಗುಸ್ತಾ" ಎಂಬುದನ್ನು ವಿವರಿಸಲು ಪಡುವ ಪಾಡು ನೋಡಬೇಕು. "ಇದು ತಲೆಕೆಳಗಾದ ಕ್ರಿಯಾಪದ, ಇಷ್ಟಪಡುವವನು ಕರ್ತೃ ಅಲ್ಲ, ಇಷ್ಟವಾಗುವ ವಸ್ತುವೇ ಕರ್ತೃ" ಅಂತ ಬಾಣದ ಗುರುತುಗಳ ಚಿತ್ರ ಬೇರೆ. ನಾನು ಆ ಚಿತ್ರವನ್ನು ಎರಡು ದಿನ ಉರುಹೊಡೆದೆ. ಆಮೇಲೆ ಹೊಳೆಯಿತು: ಅಯ್ಯೋ, ಇದು "ನನಗೆ ಇಷ್ಟ" ಅಲ್ಲವೇ? ಮೆ ಅಂದರೆ ನನಗೆ. ತೆ ಅಂದರೆ ನಿನಗೆ. ಲೆ ಅಂದರೆ ಅವನಿಗೆ, ಅವಳಿಗೆ, ನಿಮಗೆ. ತಲೆಕೆಳಗಾಗಿ ನಿಂತದ್ದು ಇಂಗ್ಲಿಷಿನ ಕಣ್ಣಿಗೆ, ನಮ್ಮ ಕಣ್ಣಿಗೆ ಅದು ನೆಟ್ಟಗೇ ಇದೆ. ಒಂದು ಪುಸ್ತಕವಾದರೆ "ಮೆ ಗುಸ್ತಾ ಎಲ್ ಲೀಬ್ರೊ", ಹಲವಾದರೆ "ಮೆ ಗುಸ್ತಾನ್ ಲೊಸ್ ಲೀಬ್ರೊಸ್". ಈ ಬದಲಾವಣೆಗೂ ನಿಯಮ ಉರುಹೊಡೆಯಬೇಕಿಲ್ಲ. ಪುಸ್ತಕ ಇಷ್ಟವಾಗುತ್ತದೆ, ಪುಸ್ತಕಗಳು ಇಷ್ಟವಾಗುತ್ತವೆ. ಅಷ್ಟೇ.

ಈ ಎಳೆ ಹಿಡಿದು ಹೋದರೆ ಒಂದು ಸಂಸಾರವೇ ಸಿಗುತ್ತದೆ. ನನಗೆ ತಲೆ ನೋಯುತ್ತಿದೆ: ಮೆ ದ್ವೆಲೆ ಲಾ ಕಬೆಸಾ. ನನಗೆ ಅನಿಸುತ್ತದೆ: ಮೆ ಪರೇಸೆ. ನನಗೆ ಸಾಕು: ಮೆ ಬಾಸ್ತ. ಒಂದು ನೋಟ್‌ಬುಕ್ಕಿನ ಪುಟದ ಮೇಲೆ "ನನಗೆ" ಎಂದು ದೊಡ್ಡದಾಗಿ ಬರೆದು, ದಿನವಿಡೀ ನನ್ನ ಬಾಯಲ್ಲಿ "ನನಗೆ" ಎಂದು ಶುರುವಾಗುವ ವಾಕ್ಯಗಳನ್ನು ಹಿಡಿದು ಅದರ ಕೆಳಗೆ ಕೂರಿಸಿದೆ. ಎಷ್ಟೊಂದು! ಹಸಿವು, ಭಯ, ನಿದ್ದೆ, ಚಳಿ, ಅಣ್ಣ, ತಂಗಿ, ಕೆಲಸ, ಬೇಕು, ಗೊತ್ತು. ಆಗ ಎರಡನೇ ವಿಷಯ ಕಾಣಿಸಿತು. ಎಲ್ಲ "ನನಗೆ"ಯೂ "ಮೆ" ಆಗುವುದಿಲ್ಲ. ನನಗೆ ಹಸಿವು, ನನಗೆ ಭಯ, ನನಗೆ ನಿದ್ದೆ, ನನಗೆ ಚಳಿ, ನನಗೊಬ್ಬ ಅಣ್ಣ ಎಂಬ ಜಾತಿಯವು, ಅಂದರೆ "ನನಗೆ"ಯ ಮುಂದೆ ಬರೀ ನಾಮಪದ ನಿಲ್ಲುವಂಥವು, "ತೆಂಗೊ" ಮನೆಗೆ ಹೋಗುತ್ತವೆ: ತೆಂಗೊ ಆಂಬ್ರೆ, ತೆಂಗೊ ಮ್ಯೆದೊ, ತೆಂಗೊ ಸ್ವೆಞೊ, ತೆಂಗೊ ಫ್ರೀಯೊ, ತೆಂಗೊ ಉನ್ ಎರ್ಮಾನೊ. ಏನಾದರೂ ತಾನಾಗಿ ನನ್ನ ಮೇಲೆ ನಡೆಯುತ್ತಿದ್ದರೆ, ಅಂದರೆ ಇಷ್ಟವಾಗುವುದು, ನೋಯುವುದು, ಅನಿಸುವುದು, ಅದು "ಮೆ". "ಬೇಕು", "ಗೊತ್ತು" ಎರಡಕ್ಕೂ ಸೇರದೆ ಕ್ಯೆರೊ, ಸೆ ಎಂದು ಬೇರೆ ಬೀದಿಯಲ್ಲಿ ವಾಸವಾಗಿವೆ. ಹಾಗಾಗಿ ಇದು ನೂರಕ್ಕೆ ನೂರು ಹೊಂದುವ ಬೀಗದ ಕೈ ಅಲ್ಲ. ಆದರೂ ಆ ಒಂದು ಪುಟದಲ್ಲಿ ಕಲಿತಷ್ಟನ್ನು ಆ 142 ದಿನಗಳಲ್ಲಿ ಕಲಿತಿರಲಿಲ್ಲ.

(ತೆಂಗೊ ಎಂದಾಗಲೆಲ್ಲ ತೆಂಗಿನಕಾಯಿ ನೆನಪಾಗುತ್ತದೆ. ಆಗಲಿ ಬಿಡಿ, ನೆನಪಿಗೆ ಅದೂ ಒಂದು ಗೂಟ. ಕಾಸ ಎಂದರೆ ಮನೆ, ಕಸ ಅಲ್ಲ. ನಾದ ಎಂದರೆ ಏನೂ ಇಲ್ಲ. ಸಂಗೀತ ಕಲಿತವರಿಗೆ ಇದನ್ನು ಹೇಳಿದರೆ ಮುಖ ನೋಡಬೇಕು.)

ಸ್ಪ್ಯಾನಿಷ್ ಕಲಿಯುವ ಎಲ್ಲರನ್ನೂ ಕಾಡುವ ಜೋಡಿ ಸೆರ್ ಮತ್ತು ಎಸ್ತಾರ್. "ಇರು" ಎಂಬ ಅರ್ಥಕ್ಕೆ ಎರಡು ಕ್ರಿಯಾಪದಗಳು. ಹೆಚ್ಚಿನ ಪಾಠಗಳು ಕೊಡುವ ಸೂತ್ರ ಇದು: ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್. ಕೇಳಲು ಚೆಂದ. ಒಂದು ವಾರದಲ್ಲೇ ಕುಸಿಯುತ್ತದೆ. ವಿದ್ಯಾರ್ಥಿಯಾಗಿರುವುದು ನಾಲ್ಕು ವರ್ಷದ ಮಾತು, ಆದರೂ "ಸೋಯ್ ಎಸ್ತುದ್ಯಾಂತೆ", ಅದು ಸೆರ್. ಮ್ಯಾಡ್ರಿಡ್ ನಾಳೆ ಎದ್ದು ಬೇರೆ ಕಡೆ ಹೋಗುವುದಿಲ್ಲ, ಆದರೂ "ಮದ್ರೀದ್ ಎಸ್ತಾ ಎನ್ ಎಸ್ಪಾಞ", ಅದು ಎಸ್ತಾರ್. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಆದರೂ "ಎಸ್ತಾ ಮ್ವೆರ್ತೊ", ಎಸ್ತಾರ್!

ಈಗ ಇವನ್ನೇ ಕನ್ನಡದಲ್ಲಿ ಹೇಳಿ ನೋಡಿ. ನಾನು ವಿದ್ಯಾರ್ಥಿ. ಕ್ರಿಯಾಪದವೇ ಇಲ್ಲ. ಮ್ಯಾಡ್ರಿಡ್ ಸ್ಪೇನ್‌ನಲ್ಲಿದೆ. "ಇದೆ" ಇದೆ. ಅವನು ಸತ್ತುಹೋಗಿದ್ದಾನೆ. "ಇದ್ದಾನೆ" ಇದೆ, ಮನುಷ್ಯ ಇಲ್ಲದಿದ್ದರೂ. ಇವತ್ತು ಸೋಮವಾರ, ಈಗ ಮೂರು ಗಂಟೆ, ಅವಳು ಡಾಕ್ಟರ್: ಯಾವುದರಲ್ಲೂ "ಇರು" ಇಲ್ಲ, ಎಲ್ಲವೂ ಸೆರ್. ಬಾಗಿಲು ತೆರೆದಿದೆ, ಅವಳು ಮನೆಯಲ್ಲಿದ್ದಾಳೆ, ನೀರು ಬಿಸಿಯಾಗಿದೆ: ಎಲ್ಲವೂ ಎಸ್ತಾರ್. ಇದನ್ನು ಕಂಡುಕೊಂಡ ದಿನ ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿದೆ. ಕನ್ನಡ ಬಾಯಿ ಮುಚ್ಚಿಕೊಳ್ಳುವ ಕಡೆ ಸೆರ್, "ಇದೆ" ಎನ್ನುವ ಕಡೆ ಎಸ್ತಾರ್.

ಕೂಡಲೇ ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಾಳೆ ನಿಮ್ಮ ಟೀಚರ್ ನನ್ನನ್ನು ಬೈಯುತ್ತಾರೆ. ಈ ಪರೀಕ್ಷೆ ವರ್ತಮಾನ ಕಾಲದಲ್ಲೇ ಮಾಡಬೇಕು. ಭೂತಕಾಲಕ್ಕೆ ಹೋದರೆ ಕನ್ನಡವೂ "ಡಾಕ್ಟರ್ ಆಗಿದ್ದಳು" ಎಂದು "ಇರು" ತರುತ್ತದೆ. ಗುಣ ಹೇಳುವಾಗ "ಮನೆ ದೊಡ್ಡದಾಗಿದೆ" ಬಿಟ್ಟು "ಮನೆ ದೊಡ್ಡದು" ಎಂಬ ರೂಪ ಹಿಡಿಯಬೇಕು. "ಸಭೆ ಶಾಲೆಯಲ್ಲಿದೆ" ಎಂಬಲ್ಲಿ ನಾವು "ಇದೆ" ಎಂದರೂ, ಕಾರ್ಯಕ್ರಮ ನಡೆಯುವ ಜಾಗಕ್ಕೆ ಸ್ಪ್ಯಾನಿಷ್ ಸೆರ್ ಬಳಸುತ್ತದೆ. "ಮೇಜಿನ ಮೇಲೆ ಒಂದು ಪುಸ್ತಕ ಇದೆ" ಎಂದು ಇರುವಿಕೆಯನ್ನಷ್ಟೇ ಹೇಳುವುದಾದರೆ ಇವೆರಡೂ ಅಲ್ಲ, "ಆಯ್" ಎಂಬ ಮೂರನೆಯದು: ಆಯ್ ಉನ್ ಲೀಬ್ರೊ. ಇಷ್ಟು ಅಪವಾದಗಳಿದ್ದರೂ ಶಾಶ್ವತ-ತಾತ್ಕಾಲಿಕ ಸೂತ್ರಕ್ಕಿಂತ ಇದನ್ನೇ ನಂಬುತ್ತೇನೆ.

ಇನ್ನಷ್ಟು ಪುಕ್ಕಟೆ ಸಿಗುವಂಥವು ಇವೆ. ಕ್ರಿಯಾಪದದ ಬಾಲದಲ್ಲೇ ಮಾತಾಡುವವರು ಯಾರೆಂದು ತಿಳಿಯುವುದು ನಮಗೆ ಹೊಸದಲ್ಲ. ಆಬ್ಲೊ, ಆಬ್ಲಸ್, ಆಬ್ಲಾಮೊಸ್: ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತೇವೆ. "ಯೊ", "ತು" ಎಂದು ಪ್ರತಿ ವಾಕ್ಯಕ್ಕೂ ಸರ್ವನಾಮ ಅಂಟಿಸುವ ಚಾಳಿ ಇಂಗ್ಲಿಷಿನಿಂದ ಬಂದದ್ದು, ಅದನ್ನು ಬಿಟ್ಟರೆ ಮಾತು ತಕ್ಷಣ ಸಹಜವಾಗುತ್ತದೆ. ತು ಮತ್ತು ಉಸ್ತೆದ್ ನಮ್ಮ ನೀನು, ನೀವು. ಎರಡು ಭೂತಕಾಲಗಳು ಬಂದಾಗ ಹೆದರಬೇಡಿ: ನಿನ್ನೆ ಮಾತಾಡಿದೆ ಎಂದರೆ ಆಬ್ಲೇ, ಚಿಕ್ಕಂದಿನಲ್ಲಿ ಮಾತಾಡುತ್ತಿದ್ದೆ ಎಂದರೆ ಆಬ್ಲಾಬ. ಮುಂದೆಂದಾದರೂ ಸಬ್‌ಜಂಕ್ಟಿವ್ (ಹಾರೈಕೆ, ಅನುಮಾನ ಹೇಳುವ ಕ್ರಿಯಾರೂಪ) ಎಂಬ ಗುಮ್ಮನ ಹೆಸರು ಕೇಳಿದಾಗ ನಮ್ಮ "-ಅಲಿ" ನೆನಪಿಸಿಕೊಳ್ಳಿ. ಓಹಲಾ ಯ್ವೇಬ: ಮಳೆ ಬರಲಿ. ಆರಂಭದಲ್ಲಿ ಅದರ ಗೊಡವೆಗೇ ಹೋಗಬೇಡಿ.

ಉಚ್ಚಾರಣೆಯ ವಿಷಯಕ್ಕೆ ಬಂದರೆ ನಮಗೆ ಲಾಟರಿ ಹೊಡೆದಿದೆ, ಆದರೆ ಟಿಕೆಟ್ಟು ಜೇಬಿನಲ್ಲೇ ಇಟ್ಟುಕೊಂಡಿರುತ್ತೇವೆ. ಸ್ಪ್ಯಾನಿಷ್‌ನ ಐದು ಸ್ವರಗಳು ಅ, ಎ, ಇ, ಒ, ಉ. ಬರೆದಂತೆ ಓದು. ಅದರ ತ, ದ ನಮ್ಮ ತ, ದಗಳೇ, ನಾಲಿಗೆ ಹಲ್ಲಿಗೆ ತಾಗಬೇಕು. ರೋಮನ್ ಲಿಪಿ ಕಂಡ ಕೂಡಲೇ ನಮ್ಮ ಬಾಯಿ ಇಂಗ್ಲಿಷಿಗೆ ಹೊರಳಿ "ಟು", "ಟೋಡೊ" ಎನ್ನುತ್ತದೆ. ಅದಕ್ಕೇ ಮೊದಲ ಎರಡು ವಾರ ಹೊಸ ಪದಗಳ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ: ತು, ತೋದೊ. ಇದನ್ನು ಒಪ್ಪದ ಶಿಕ್ಷಕರಿದ್ದಾರೆ, ಅವರ ವಾದದಲ್ಲೂ ಹುರುಳಿದೆ. ಎರಡು ಸ್ವರಗಳ ನಡುವೆ ಬಂದಾಗ ಸ್ಪ್ಯಾನಿಷ್‌ನ ದ, ಬ, ಗಗಳು ಮೆತ್ತಗಾಗುತ್ತವೆ, ಗಾಳಿಯಲ್ಲಿ ಅರ್ಧ ಕರಗುತ್ತವೆ. ಕನ್ನಡ ಲಿಪಿಯಲ್ಲಿ ಅದು ಸಿಗದು. ಹಾಗಾಗಿ ಎರಡು ವಾರ ಸಾಕು, ಆಮೇಲೆ ಊರುಗೋಲು ಬಿಡಬೇಕು.

ಒಂದು ಸಣ್ಣ ಸಂತೋಷ. ನಮ್ಮ ವರ್ಣಮಾಲೆಯಲ್ಲಿ ಜ್ಞ ಎಂಬ ಒತ್ತಕ್ಷರದ ಹೊರತು ಹೆಚ್ಚು ಕೆಲಸವಿಲ್ಲದೆ ಕೂತಿರುವ ಞ ಇದೆಯಲ್ಲ, ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಪೂರ್ಣಾವಧಿ ಉದ್ಯೋಗ: ಮಞಾನ, ಸೆಞೋರ್, ಎಸ್ಪಞೋಲ್. ಅದನ್ನು "ನ" ಮಾಡಿಬಿಟ್ಟರೆ ಅಪಾಯ, ಅದರಲ್ಲೂ ವಯಸ್ಸು ಹೇಳುವಾಗ. "ಆಞೊಸ್" ಬದಲು "ಆನೊಸ್" ಎಂದರೆ ವರ್ಷಗಳ ಬದಲು ಗುದದ್ವಾರಗಳನ್ನು ಎಣಿಸಿದಂತಾಗುತ್ತದೆ. ಇನ್ನು ರಕಾರ. ಪೆರೊ ಎಂದರೆ ಆದರೆ, ಪೆರ್ರೊ ಎಂದರೆ ನಾಯಿ. ಒಂದೇ ತಟ್ಟು ತಟ್ಟುವ ರ ನಮ್ಮದೇ. ನಾಲಿಗೆ ಗುಡುಗುಡು ಉರುಳಿಸುವ ಇನ್ನೊಂದಕ್ಕೆ ಅಭ್ಯಾಸ ಬೇಕು. ಹಳಗನ್ನಡದವರು ರ ಮತ್ತು ಱ ಎಂದು ಎರಡು ಅಕ್ಷರ ಇಟ್ಟುಕೊಂಡಿದ್ದರು, ನಾವು ಒಂದನ್ನು ಕಳೆದುಕೊಂಡೆವು. ಸ್ನಾನದ ಮನೆಯಲ್ಲಿ "ಪೆರ್ರೊ, ಪೆರ್ರೊ" ಎಂದು ಕೂಗುತ್ತಾ ನಾನು ಕೆಲವು ವಾರ ಕಳೆದೆ. ಮನೆಯವರು ಏನಂದುಕೊಂಡರೋ ಕೇಳಲಿಲ್ಲ.

ಬರೆದಂತೆ ಓದುವ ಭಾಷೆ ಆದ್ದರಿಂದ ಉಕ್ತಲೇಖನ ಸ್ಪ್ಯಾನಿಷ್‌ಗೆ ಅತ್ಯುತ್ತಮ ಅಭ್ಯಾಸ. ಒಂದು ನಿಮಿಷದ ಆಡಿಯೊ, ಜೊತೆಗೆ ಅದರ ಬರಹರೂಪ ಇರುವ ಪಾಠ ಆರಿಸಿಕೊಳ್ಳಿ. ಮೊದಲು ಬರಹ ನೋಡದೆ ಕೇಳಿ, ನಿಲ್ಲಿಸಿ ನಿಲ್ಲಿಸಿ ಬರೆಯಿರಿ, ಆಮೇಲೆ ತಾಳೆ ನೋಡಿ. ತಪ್ಪುಗಳು ಎರಡು ಬಗೆಯವು. ಬಿ-ವಿ ಅಕ್ಷರಗಳ ಗೊಂದಲ, ಉಚ್ಚಾರವಾಗದ ಎಚ್ ಬಿಟ್ಟುಹೋದದ್ದು, ಇವು ಬರೀ ಕಾಗುಣಿತ, ಬಿಟ್ಟುಬಿಡಿ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದ ಜಾಗಗಳಿವೆಯಲ್ಲ, ಅಲ್ಲೇ ನಿಮ್ಮ ಕಿವಿಯ ಕೊರತೆ ಇರುವುದು. ಆ ಸಾಲನ್ನು ಹತ್ತು ಸಲ ಕೇಳಿ, ಸ್ಪೀಕರ್ ಜೊತೆಜೊತೆಗೇ ಹೇಳಿ, ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ. ಸ್ವಂತ ದನಿ ಕೇಳುವುದು ಹಿಂಸೆ. ಆ ಹಿಂಸೆ ತಪ್ಪಿಸಿಕೊಂಡು ಬರೀ ವಿಡಿಯೊ ನೋಡುತ್ತಾ ಹೋಗುವವರು ಈಜು ನೋಡುತ್ತಾ ದಡದಲ್ಲಿ ಕೂತವರು. ನಾನೂ ಆರು ತಿಂಗಳು ಅಲ್ಲೇ ಕೂತಿದ್ದೆ.

ಕನ್ನಡ ಪೂರ್ತಿ ಕೈಕೊಡುವ ಜಾಗವೂ ಒಂದಿದೆ: ಲಿಂಗ. ನಮ್ಮಲ್ಲಿ ಮೇಜು, ಕಿಟಕಿ, ಕೈ ಎಲ್ಲವೂ "ಅದು". ಸ್ಪ್ಯಾನಿಷ್‌ನಲ್ಲಿ ನಪುಂಸಕ ನಾಮಪದವೇ ಇಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು. ಒ-ಕಾರ ಗಂಡು, ಅ-ಕಾರ ಹೆಣ್ಣು ಎಂಬ ನಿಯಮ ಬಹಳ ದೂರ ಬರುತ್ತದೆ, ಆಮೇಲೆ "ಎಲ್ ಪ್ರೊಬ್ಲೇಮ", "ಎಲ್ ಮಾಪ", "ಎಲ್ ದೀಯ", "ಲಾ ಮಾನೊ" ಎದುರಾಗುತ್ತವೆ. ಕಾರಣ ಹುಡುಕಬೇಡಿ. ಮೆಸ ಎಂಬ ಪದ ಕಲಿಯಲೇಬೇಡಿ, "ಲಾ ಮೆಸ" ಎಂದೇ ಕಲಿಯಿರಿ, ಎಲ್ ಮತ್ತು ಲಾ ಪದದ ಮೊದಲ ಅಕ್ಷರವೇ ಆಗಿಹೋಗಲಿ. ಮೊದಲ ತಿಂಗಳು ಇದನ್ನು ಅಲಕ್ಷಿಸಿದ್ದರಿಂದ ಸುಮಾರು ಮುನ್ನೂರು ಪದಗಳನ್ನು ಮತ್ತೆ ಮೊದಲಿನಿಂದ ಕಲಿತೆ.

ಪದಗಳನ್ನು ನೆನಪಿಡಲು ಆಂಕಿ ಥರದ ಕಾರ್ಡ್ ಆಪ್‌ಗಳು ಚೆನ್ನಾಗಿವೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದು ಅವುಗಳ ಉಪಾಯ. ಕಲಿತದ್ದು ಮೊದಲು ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂದು ಜರ್ಮನ್ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟ. ನನ್ನ ತಪ್ಪು ದುರಾಸೆಯದು. ದಿನಕ್ಕೆ 25 ಹೊಸ ಕಾರ್ಡ್ ಸೇರಿಸಿದೆ. ಮೂರು ವಾರದಲ್ಲಿ ಹಳೆಯವೇ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಬಾಕಿ ನಿಂತವು, ನಾಲ್ಕನೇ ವಾರ ಆಪ್ ತೆರೆಯುವುದನ್ನೇ ಬಿಟ್ಟೆ. ಈಗ ದಿನಕ್ಕೆ ಎಂಟು. ಒಂಟಿ ಪದವಲ್ಲ, ವಾಕ್ಯ. ಎದುರುಬದಿಯಲ್ಲಿ ನಾನು ನಿಜವಾಗಿ ಆಡುವ ಕನ್ನಡ ವಾಕ್ಯ, ಹಿಂಬದಿಯಲ್ಲಿ ಸ್ಪ್ಯಾನಿಷ್. ಇಂಗ್ಲಿಷಿಗೆ ಜಾಗವಿಲ್ಲ.

ಕೆಲವು ಪದಗಳಿಗಂತೂ ಕಾರ್ಡೇ ಬೇಡ. ಅಸೂಕಾರ್ ಎಂದರೆ ಸಕ್ಕರೆ. ನರಾಂಹ ಎಂದರೆ ಕಿತ್ತಳೆ, ಸಂಸ್ಕೃತದ ನಾರಂಗ. ಅಹೆದ್ರೆಸ್ ಎಂದರೆ ಚೆಸ್, ಅಂದರೆ ನಮ್ಮ ಚದುರಂಗ. ಇವೆಲ್ಲ ನಮ್ಮ ಕಡೆಯಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಬಾಯಿಗೆ, 711ರಲ್ಲಿ ಐಬೀರಿಯಾಕ್ಕೆ (ಇಂದಿನ ಸ್ಪೇನ್-ಪೋರ್ಚುಗಲ್) ಕಾಲಿಟ್ಟ ಅವರ ಭಾಷೆಯಿಂದ ಸ್ಪ್ಯಾನಿಷ್‌ಗೆ ನಡೆದುಹೋದವು. ಚತುರಂಗ, ಚತ್ರಂಗ್, ಶತ್ರಂಜ್, ಅಹೆದ್ರೆಸ್. ದಾರಿಯಲ್ಲಿ ಬಟ್ಟೆ ಬದಲಾಯಿಸಿಕೊಂಡರೂ ನಡಿಗೆ ಗುರುತು ಸಿಗುತ್ತದೆ.

ಎಷ್ಟು ದಿನ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಮೂರು ತಿಂಗಳಲ್ಲಿ ನಿರರ್ಗಳ ಎಂಬ ಜಾಹೀರಾತುಗಳನ್ನು ಪಕ್ಕಕ್ಕಿಡಿ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ತನ್ನ ಇಂಗ್ಲಿಷ್ ಭಾಷಿಕ ರಾಜತಾಂತ್ರಿಕರನ್ನು ಸ್ಪ್ಯಾನಿಷ್‌ನಲ್ಲಿ ಕೆಲಸ ಮಾಡುವ ಮಟ್ಟಕ್ಕೆ ತರಲು ಬಹುಕಾಲ ಲೆಕ್ಕ ಹಾಕುತ್ತಿದ್ದದ್ದು 600ರಿಂದ 750 ತರಗತಿ ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ ನಡೆದರೆ ಸುಮಾರು ಮೂರೂಕಾಲರಿಂದ ನಾಲ್ಕು ವರ್ಷ. ಹೆದರಿಸಲು ಹೇಳುತ್ತಿಲ್ಲ, ನನಗೆ ಈ ಲೆಕ್ಕ ಸಮಾಧಾನ ತಂದಿತು. ಐದನೇ ತಿಂಗಳಲ್ಲಿ ತಡವರಿಸುವುದು ದಡ್ಡತನವಲ್ಲ ಎಂದು ಗೊತ್ತಾಯಿತು. ಭಾಷೆ ಎಷ್ಟು ಬರುತ್ತದೆಂದು ಅಳೆಯುವ ಯುರೋಪಿನ ಮಾಪನದಲ್ಲಿ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಿವೆ. ಮೊದಲ ವರ್ಷಕ್ಕೆ ಎ2 ಗುರಿ ಇಟ್ಟುಕೊಂಡರೆ ನಿದ್ದೆಯೂ ಬರುತ್ತದೆ.

ಸಾಮಗ್ರಿ ಕೂಡಿಹಾಕುವ ರೋಗವೂ ಇದೆ. ಏಳು ಆಪ್, ನಾಲ್ಕು ಚಾನೆಲ್, ಡೌನ್‌ಲೋಡ್ ಮಾಡಿಟ್ಟ ಪುಸ್ತಕಗಳು. ಒಂದು ಕೋರ್ಸ್, ಒಂದು ಕೇಳುವ ಮೂಲ, ಒಬ್ಬ ಟೀಚರ್ ಸಾಕು. ಕೇಳಲು ಡ್ರೀಮಿಂಗ್ ಸ್ಪ್ಯಾನಿಷ್ ಎಂಬ ಚಾನೆಲ್‌ನ ತೀರಾ ಆರಂಭದ ವಿಡಿಯೊಗಳು ನನಗೆ ಒಗ್ಗಿದವು, ಚಿತ್ರ ಬಿಡಿಸುತ್ತಾ ನಿಧಾನವಾಗಿ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತಾರೆ. ಸಬ್‌ಟೈಟಲ್ ಬೇಕೆಂದರೆ ಸ್ಪ್ಯಾನಿಷ್‌ನದೇ ಹಾಕಿ. ಒಂದು ಪದವನ್ನು ಬೇರೆ ಬೇರೆ ದೇಶದವರು ಹೇಗೆ ಹೇಳುತ್ತಾರೆಂದು ಕೇಳಲು ಫೋರ್ವೊ ಎಂಬ ಜಾಲತಾಣ ಇದೆ. ಸ್ಪೇನ್‌ನಲ್ಲಿ 1713ರಲ್ಲಿ ಹುಟ್ಟಿದ ರಾಯಲ್ ಅಕಾಡೆಮಿ ಎಂಬ ಭಾಷಾ ಸಂಸ್ಥೆಯ ನಿಘಂಟು ಆನ್‌ಲೈನ್‌ನಲ್ಲಿ ಉಚಿತ, ಆದರೆ ಅದು ಎರಡನೇ ವರ್ಷದ ಸುಖ.

ಯಾವ ದೇಶದ ಸ್ಪ್ಯಾನಿಷ್ ಕಲಿಯಬೇಕು? ನಿಮ್ಮ ಟೀಚರ್ ಯಾವ ದೇಶದವರೋ ಅಲ್ಲಿಯದು. ಬೊಸೋತ್ರೊಸ್ (ಆಪ್ತರ ಗುಂಪಿಗೆ ಹೇಳುವ "ನೀವು") ಸ್ಪೇನ್‌ನಲ್ಲಿ ಬೇಕು, ಲ್ಯಾಟಿನ್ ಅಮೆರಿಕದಲ್ಲಿ ಬೇಡ. ಅರ್ಜೆಂಟೀನಾದಲ್ಲಿ ತು ಬದಲು ಬೊಸ್. ಈ ಜಗಳಕ್ಕೆ ಆರಂಭದಲ್ಲಿ ತಲೆ ಕೊಡಬೇಡಿ. ಗಡಿಯಾರಕ್ಕೆ ಮಾತ್ರ ಕೊಡಿ: ಸ್ಪೇನ್‌ನಲ್ಲಿ ವರ್ಷಕ್ಕೆ ಎರಡು ಸಲ ಗಂಟೆ ಬದಲಾಗುತ್ತದೆ. ನನ್ನ ಮೊದಲ ಟೀಚರ್ ಅಲ್ಲಿಯವರು, ಮಾರ್ಚ್ ಕೊನೆಯ ಒಂದು ದಿನ ನಾನು ಸರಿಯಾಗಿ ಒಂದು ಗಂಟೆ ತಡವಾಗಿ ಹಾಜರಾದೆ. ಈಗಿನವರು ಕೊಲಂಬಿಯಾದವರು, ಅಲ್ಲಿ ಆ ರಗಳೆ ಇಲ್ಲ.

ಪಾಠಕ್ಕೆ ಮುಂಚೆ ಹತ್ತು ವಾಕ್ಯ ಬರೆದುಕೊಂಡು ಹೋಗುತ್ತೇನೆ, ಆ ವಾರ ನನಗೆ ನಿಜವಾಗಿ ಆದ ಸಂಗತಿಗಳು. ಪರದೆಯ ಅಂಚಿಗೆ ಮೂರು ಚೀಟಿ ಅಂಟಿಸಿದ್ದೇನೆ: "ಕೋಮೊ ಸೆ ದೀಸೆ", ಅಂದರೆ ಹೇಗೆ ಹೇಳುತ್ತಾರೆ, "ಮಾಸ್ ದೆಸ್ಪಾಸ್ಯೊ", ಇನ್ನೂ ನಿಧಾನ, "ಪ್ವೆದೆ ರೆಪೆತೀರ್", ಇನ್ನೊಮ್ಮೆ ಹೇಳುತ್ತೀರಾ. ಇವು ಇರುವ ತನಕ ಸಂಕಟ ಬಂದಾಗ ಇಂಗ್ಲಿಷಿಗೆ ಓಡಬೇಕಿಲ್ಲ. ತಪ್ಪುಗಳನ್ನು ಮಾತಿನ ನಡುವೆ ತಿದ್ದಬೇಡಿ, ಚಾಟ್‌ನಲ್ಲಿ ಬರೆದಿಡಿ ಎಂದು ಟೀಚರ್‌ಗೆ ಮೊದಲೇ ಹೇಳಿದ್ದೇನೆ. ಆ ಸಾಲುಗಳೇ ಮರುದಿನದ ಎಂಟು ಕಾರ್ಡ್.

ಹೋದ ವಾರ ಆ ಹತ್ತು ವಾಕ್ಯಗಳನ್ನು ಬರೆದಿರಲಿಲ್ಲ. ಪಾಠ ಶುರುವಾದ ಕೂಡಲೇ ಟೀಚರ್ ಕೇಳಿದರು. ಯೋಚಿಸುವ ಮೊದಲೇ ಬಾಯಿಂದ ಬಂತು: "ಸೆ ಮೆ ಒಲ್ಬಿದೋ ಲಾ ತರೇಯ." ನಾನು ಮರೆತೆ ಅಂತ ಅಲ್ಲ, ನನಗೆ ಮರೆತುಹೋಯ್ತು ಅಂತ. ತಪ್ಪು ನನ್ನದಲ್ಲ, ಅದೇ ತಾನಾಗಿ ಮರೆತುಹೋದದ್ದು. ಸಂಧಾನಕ್ಕೆ ಜಾಗ ಬಿಡುವ ಈ ವ್ಯಾಕರಣ ಎರಡೂ ಭಾಷೆಗೆ ಗೊತ್ತು. ಟೀಚರ್ "ಮೂಯ್ ಬ್ಯೆನ್" ಎಂದು ಮೆಚ್ಚಿದರು, ವಾಕ್ಯ ಒಂಚೂರೂ ತಪ್ಪಿಲ್ಲವಂತೆ. ಮುಂದಿನ ಪಾಠಕ್ಕೆ ಇಪ್ಪತ್ತು ವಾಕ್ಯ ಬರೆಯಲು ಹೇಳಿದರು.